ನೂರಕ್ಕೆ ಮೂರು

ಆಗಸ್ಟಿನ ಚಳಿ. ನೆಲಮಾಳಿಗೆಯ ಮೇಜಿನ ಮೇಲೆ
ಗಾಜಿನ ಅಳತೆಗೊಳವೆ, ಮೊಂಡು ಪೆನ್ಸಿಲು, ಉಗುಳಲು ಒಂದು ಬಕೆಟ್ಟು.
ಪಿನೊಟಾಜ್ ಐವತ್ತು, ಶಿರಾಜ್ ಮೂವತ್ತು,
ಕ್ಯಾಬರ್ನೆ ಇಪ್ಪತ್ತು. ಬರೆದೆ, ಬೆರೆಸಿದೆ,
ಬಾಯಿ ತುಂಬ ಮುಕ್ಕಳಿಸಿ ಉಗುಳಿದೆ.
ಬಣ್ಣವಿದೆ. ಮೈಯಿದೆ. ಕಾಳುಮೆಣಸಿನ ಘಾಟಿದೆ.
ಆದರೂ ಮಾತು ಮುಗಿಸದೆ ಎದ್ದುಹೋದ ನೆಂಟನ ಹಾಗೆ
ನಾಲಗೆಯ ನಟ್ಟನಡುವೆ ಒಂದು ಖಾಲಿ ಕುರ್ಚಿ.

ನಮ್ಮ ಮನೆತನದಲ್ಲಿ ಇದನ್ನು
ಉಗುಳಿ ಸಂಬಳ ಪಡೆದವಳು ನಾನೇ ಮೊದಲು.
ಅಜ್ಜ ಫ್ಲೋರ್ಸ್ ನುಂಗಿಯೇ ಪಡೆದವನು:
ಬೆಳಿಗ್ಗೆ ಆರಕ್ಕೆ ಒಂದು, ಒಂಬತ್ತಕ್ಕೆ ಒಂದು,
ನಡುಹಗಲಿಗೆ, ಮೂರಕ್ಕೆ, ಹೊತ್ತು ಮುಳುಗುವಾಗ,
ಜಾಮಿನ ಡಬ್ಬಿ ಕತ್ತರಿಸಿ ಮಾಡಿದ ಲೋಟದಲ್ಲಿ.
ಡೊಪ್ ಅನ್ನುತ್ತಿದ್ದರು ಅದಕ್ಕೆ. ಕೂಲಿಯ ಒಂದು ಪಾಲು.
ಆ ಲೋಟದಂಚು ಕೊಯ್ದ ಗೀರು ಅವನ ಮೇಲ್ದುಟಿಯಲ್ಲಿತ್ತು;
ಮಗುವಾಗಿದ್ದಾಗ ಅದನ್ನು ಬೆರಳಲ್ಲಿ ಮುಟ್ಟಿ
ನಗುತ್ತಿದ್ದೆನಂತೆ.
ಶುಕ್ರವಾರ ಉಳಿದ ಪಾಲು ಕೈಗೆ ಬರುವ ಹೊತ್ತಿಗೆ
ಅವನಿಗೆ ಎಣಿಕೆ ಮರೆತಿರುತ್ತಿತ್ತು.

ಎಸ್ಟೇಟಿನ ಹೆಸರು ಆಖ್ತರ್‌ಕ್ಲಿಪ್: ಬಂಡೆಯ ಹಿಂದೆ.
ಯಾವ ಬಂಡೆ, ಅಂತ ರುಚಿ ನೋಡಲು ಬಂದವರು ಕೇಳುತ್ತಾರೆ.
ಇಸಾಕ್ ತೆರ್ಬ್ಲಾನ್ಸ್ ಸುಣ್ಣ ಬಳಿದ ಮುಂಗೋಡೆಯ ನೆತ್ತಿಯಲ್ಲಿ
ಕೊರೆದ ಇಸವಿ ತೋರಿಸುತ್ತಾನೆ; ಏಳು ತಲೆಮಾರಿನ ಹೆಸರು
ತಡವರಿಸದೆ ಹೇಳುತ್ತಾನೆ. ಕೆಟ್ಟವನಲ್ಲ.
ನನ್ನನ್ನು ಓದಲು ಕಳಿಸಿದ ಕಾಗದಕ್ಕೆ ಸಹಿ ಹಾಕಿದವನು.
ನನ್ನ ವಂಶಾವಳಿ ಚಿಕ್ಕದು. ಹಡಗಿನಿಂದ ಇಳಿಸಿದ ಜನಕ್ಕೆ
ಇಳಿಸಿದ ತಿಂಗಳನ್ನೇ ಹೆಸರಿಟ್ಟರು.
ಈ ಕಣಿವೆಯಲ್ಲಿ ಸೆಪ್ಟೆಂಬರ್‌ಗಳಿದ್ದಾರೆ, ಏಪ್ರಿಲ್‌ಗಳಿದ್ದಾರೆ;
ನಾವು ಫೆಬ್ರುವಾರಿ. ಯಾವ ಬಂದರಿನಲ್ಲಿ ಹತ್ತಿಸಿದರೋ,
ಆ ಹಾಳೆಯನ್ನು ಗೆದ್ದಲು ತಿಂದಿದೆ.

ಕೂಲಿಮನೆಗಳ ಹಿಂದಿನ ಇಳಿಜಾರಿನಲ್ಲಿ
ತಂತಿಯಿಲ್ಲದೆ, ಗೂಟವಿಲ್ಲದೆ, ಮೊಣಕಾಲೆತ್ತರಕ್ಕೆ
ಕುಕ್ಕರುಗಾಲಲ್ಲಿ ಕೂತ ಮುದುಕರಂತೆ ಸಿನ್ಸೋ ಬಳ್ಳಿಗಳು.
ಫ್ಲೋರ್ಸ್ ನೆಟ್ಟದ್ದು. ಬಬೂನುಗಳು ತಿಂದು ಬಿಟ್ಟದ್ದರಲ್ಲಿ
ಎಕರೆಗೆ ಒಂದು ಟನ್ನೂ ಬರುವುದಿಲ್ಲ.
ಬರುವ ತಿಂಗಳು ಕಿತ್ತುಹಾಕಲು
ಬುಡಬುಡಕ್ಕೂ ಕೆಂಪು ಬಣ್ಣದ ಗುರುತು ಹಚ್ಚಿಯಾಗಿತ್ತು.
ಅದರ ಕಡೆಯ ರಸ ಹತ್ತೊಂಬತ್ತನೆಯ ಪೀಪಾಯಿಯಲ್ಲಿ
ಯಾರೂ ಕೇಳದೆ ಮೂಲೆ ಹಿಡಿದಿತ್ತು.

ನೂರಕ್ಕೆ ಮೂರು. ಅಷ್ಟೇ.
ಕ್ಯಾಬರ್ನೆಯಿಂದ ಕಳೆದು ಇದನ್ನು ಕೂಡಿಸಿದೆ.
ಒಗರು ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.
ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ
ಯಾರೋ ಚೊಂಬು ನೀರು ಚೆಲ್ಲಿದ ವಾಸನೆ.
ಆಮೇಲೆ, ಬಹಳ ಆಮೇಲೆ, ಹುಳಿ ದಾಳಿಂಬೆ.
ಕುರ್ಚಿ ಕಿರ್ ಅಂದಿತು, ಯಾರೋ ಕೂತ ಹಾಗೆ.
ಅದೊಂದು ಗುಟುಕನ್ನು ನಾನು ಉಗುಳಲಿಲ್ಲ.

ಇಸಾಕ್ ಕುಡಿದ. ಮತ್ತೆ ಕುಡಿದ.
ಟೋಪಿ ತೆಗೆದು ಮೇಜಿನ ಮೇಲಿಟ್ಟ.
ಇದೇನು, ರೊಜೆಲ್?
ಫೆಬ್ರುವಾರಿ, ಅಂದೆ.
ಒಳ್ಳೇ ಹೆಸರು, ಅಂದ. ಕೊಯ್ಲಿನ ತಿಂಗಳು.
ಲೇಬಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ನಾನು ತಿದ್ದಲಿಲ್ಲ.
ಬಳ್ಳಿಗಳು ಉಳಿದವು. ಕೆಂಪು ಬಣ್ಣವನ್ನು
ಸೀಮೆಎಣ್ಣೆ ಚಿಂದಿಯಲ್ಲಿ ಒರೆಸಲು ಎರಡು ದಿನ ಹಿಡಿಯಿತು;
ಪೂರ್ತಿ ಹೋಗಲಿಲ್ಲ.

ಮೊದಲ ಬಾಟಲಿಯನ್ನು ಅಮ್ಮನಿಗೆ ಒಯ್ದೆ.
ಚರ್ಚಿನಲ್ಲಿ ಆಣೆಯಿಟ್ಟು ಮೂವತ್ತೊಂದು ವರ್ಷ, ಅವಳು
ಮದ್ದಿಗೂ ಮುಟ್ಟಿದವಳಲ್ಲ. ಕನ್ನಡಕ ಹುಡುಕಿ ಹಾಕಿಕೊಂಡು
ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು.
ಏಪ್ರನ್ನಿನ ತುದಿಯಿಂದ ಒರೆಸಿ
ಪ್ರಾರ್ಥನೆ ಪುಸ್ತಕದ ಪಕ್ಕ ನಿಲ್ಲಿಸಿದಳು.
ಮಲಗಿಸಿಡಬೇಕಮ್ಮಾ, ಬಿರಡೆ ಒಣಗುತ್ತದೆ, ಅಂದೆ.
ಒಣಗಲಿ, ಅಂದಳು.
ನಿನ್ನಜ್ಜ ಕಡೆಯ ವರ್ಷವೆಲ್ಲ ಮಲಗಿಯೇ ಇದ್ದ.
ಇದು ನಿಂತಿರಲಿ.