ಮೂರು ಕಿಲೋ ಸೀಸ

ಬೊರೆತ್ತೊಗೆ ಹೋಗುವ ದಾರಿಯಲ್ಲಿ ಎರ್ಮೆತೆ
ಲಾರಿಯ ಕಿಟಕಿಯಾಚೆ ಅಂಗೈ ಚಾಚಿದ:
‘ನೋಡು, ಚಪ್ಪಟೆ ಇಟ್ಟರೆ ಗಾಳಿ ಹೊರುತ್ತದೆ.
ಬೆರಳ ತುದಿ ಇಷ್ಟೇ ಇಷ್ಟು ಎತ್ತಿದರೆ...’
ತೋಳು ಭುಜದ ಹಿಂದಕ್ಕೆ ಹಾರಿತು.
ನಗಲಿಲ್ಲ. ಗಾಜು ಏರಿಸಿದ.

ಪೋ ನದಿಯ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ.
ಹೊಟ್ಟೆಯಡಿ ಗಾಳಿಗೊಂದು ಸುರಂಗ ಬಿಟ್ಟ ನಮ್ಮ ಕೆಂಪು ದೋಣಿ
ಟ್ರೇಲರಿನ ಮೇಲೆ
ಒದ್ದೆ, ಭಾರ, ಬರೀ ಹಲಗೆ.

ಇನ್ನೂರರ ವೇಗದಲ್ಲಿ ಅದರ ಅರ್ಧ ತೂಕ
ನೀರಿನ ಲೆಕ್ಕಕ್ಕೇ ಬರುವುದಿಲ್ಲ.
ನೀರು ಒರಟು. ಕುಟ್ಟುತ್ತದೆ, ಕೈಬಿಡುವುದಿಲ್ಲ.
ಗಾಳಿಯೋ ಮರ್ಯಾದಸ್ಥರ ಹಾಗೆ
ಎತ್ತಿ ಕೂರಿಸಿ, ಆಮೇಲೆ ಮೆಲ್ಲಗೆ
ಮೂತಿಯ ಕಡೆಗೆ ಕೈ ಸರಿಸುತ್ತದೆ.

‘ಮುಂದೆ ತೂಕ ಬೇಡ, ಓಟ ಸಾಯುತ್ತೆ’
ಎಂದಿದ್ದಳು ಇಲೇನಿಯಾ.
ಅವಳು ಹೆಲ್ಮೆಟ್ಟಿನೊಳಗೆ ಕೂದಲು ತುರುಕುವಾಗ
ಮೂರು ಕಿಲೋ ಸೀಸ ಮೂತಿಯೊಳಗೆ ಬಿಗಿದೆ,
ಹೇಳದೆ.

ಎರಡನೆಯ ಸುತ್ತು. ಸೇತುವೆಯಡಿಯಿಂದ ಎದುರುಗಾಳಿ.
ಮೂತಿ ಎದ್ದಿತು. ಬಣ್ಣ ಬಳಿಯದ ಹೊಟ್ಟೆ ಕಂಡಿತು.
ನೆರಳು ದೋಣಿಯಿಂದ ಬಿಡಿಸಿಕೊಂಡಿತು.
ಒಂದು, ಎರಡು,
ಕೂತಿತು.

ದಡಕ್ಕೆ ಬಂದವಳೇ ಬೈದಳು:
‘ನಾಲ್ಕನೇ ಸ್ಥಾನ! ಏನೋ ಜಗ್ಗುತ್ತಿತ್ತು ಮುಂದೆ.’
ಹೌದಾ, ಅಂದೆ.
ಎರ್ಮೆತೆ ಅಂಗೈಯನ್ನು ಪ್ಯಾಂಟಿಗೆ
ಒರೆಸಿಕೊಳ್ಳುತ್ತಲೇ ಇದ್ದ.