ತಂತಿದಾರಿ

ದನಗಳು ಗುಡ್ಡವನ್ನು ನೆಟ್ಟಗೆ ಹತ್ತುವುದಿಲ್ಲ.
ಅಡ್ಡ ಹೋಗಿ, ನಿಂತು, ಏನನ್ನೋ ಮೂಸಿ,
ಮತ್ತೆ ಅಡ್ಡ ಹೊರಳುತ್ತವೆ.
ನೀರೂ ಇಳಿಯುವಾಗ ಬಳಸಿಯೇ ಬರುತ್ತದೆ.
ಇಲ್ಲಿ ನೆಟ್ಟಗೆ ಹೋಗುವುದು ಕರೆಂಟು ಮಾತ್ರ.
ಅದರ ಕೆಳಗೆ ನಾನು.

ರಿಪ್ಪನ್‌ಪೇಟೆ ಸೆಕ್ಷನ್ನಿನ ಹುಲ್ಕೋಡು ಗುಡ್ಡ, ಪಡುವಣ ಮೈ.
ತಂತಿಯ ಉದ್ದಕ್ಕೂ ಕಾಡು ಕಡಿದು ತೆಗೆದ ಬೈತಲೆ.
ತೆಗೆದವರೂ ನಾವೇ, ನಾನು ಮತ್ತು ಲೂಯಿಸಣ್ಣ,
ಹೋದ ತಿಂಗಳು, ಎರಡು ಕತ್ತಿಯಲ್ಲಿ.
ಕೆಳಗೆ ನಲವತ್ತೊಂದನೇ ಕಂಬ, ಮೇಲೆ ನಲವತ್ತೇಳು.
ನಡುವೆ ಕಾಲಡಿ ಜಾರುವ ಮುರಕಲ್ಲಿನ ಹರಳು,
ಶೂವಿನ ಅಟ್ಟೆಗೆ ಹಲ್ಲು ಕೊಡುವ ಗಿಡದ ಬುಡಗಳು.
ಓರೆಯಾಗಿ ಕೊಯ್ದದ್ದು ನಾನೇ, ಬುದ್ಧಿಯಿಲ್ಲದೆ.
ಓಡುವವಳು ಬರುತ್ತಾಳೆಂದು ಗೊತ್ತಿರಲಿಲ್ಲ ಆಗ.

ಎಂಟು ಸಲ ಎಂದು ಬರೆದುಕೊಟ್ಟಿದ್ದಾರೆ ವಿಲ್ಮಾ ಟೀಚರ್,
ರಿಟೈರಾದರೂ ಕೊರಳ ಸೀಟಿ ಬಿಚ್ಚದವರು.
ಚೀಟಿಯ ಕೊನೆಗೆ ಎರಡು ಗೆರೆ ಎಳೆದು: ಬಿಸಿಲಲ್ಲಿ ಬೇಡ.
ಬೆಳಗ್ಗೆ ಫ್ಯೂಸು, ಸಂಜೆ ದೂರು, ರಾತ್ರಿ ಮಗಳ ಲೆಕ್ಕ.
ನನ್ನ ಪಾಲಿಗೆ ಉಳಿದದ್ದು ಊಟದ ಹೊತ್ತು,
ಅದೂ ಏಪ್ರಿಲ್ಲಿನದು.

ಜೇಬಲ್ಲಿ ಎಂಟು ಅಂಟುವಾಳದ ಬೀಜ.
ಮುಟ್ಟಿದಾಗೊಂದು ಮೇಲಿನ ಕಂಬದ ಬುಡಕ್ಕೆ.

ಮೊದಲನೆಯದು ಯಾವತ್ತೂ ಸುಳ್ಳು ಹೇಳುತ್ತದೆ,
ಇಷ್ಟೇಯಾ, ಅನ್ನುತ್ತದೆ ತೊಡೆ.
ಎರಡನೆಯದರಲ್ಲಿ ಜೀರುಂಡೆ ಕಿವಿಯ ಹೊರಗಿತ್ತು,
ಮೂರನೆಯದರಲ್ಲಿ ಒಳಗೆ.
ನಾಲ್ಕರ ಬಗ್ಗೆ ಹೇಳಲು ಏನೂ ಇಲ್ಲ,
ಉಪ್ಪು ಬಿಟ್ಟರೆ.

ಈ ಹೊತ್ತಿಗೆ ಬಿಸಿಲು ಮೇಲಿಂದ ಬರುವುದಿಲ್ಲ,
ಕಲ್ಲಿಂದ ಏಳುತ್ತದೆ, ಕಾದ ಕಾವಲಿಯ ಹಾಗೆ.
ಮೂಗಿನ ತುದಿಯ ಹನಿ ಅದರ ಮೇಲೆ ಬಿತ್ತು.
ಚುಂಯ್ ಅನ್ನಬೇಕಿತ್ತು. ಅನ್ನಲಿಲ್ಲ.
ಹನ್ನೆರಡೂವರೆಗೆ ಕಂಬ
ತನ್ನ ನೆರಳನ್ನು ತಾನೇ ತುಳಿದು ನಿಂತಿತ್ತು,
ನನಗೆ ಕೊಡಲು ಅದರ ಬಳಿ ಗೇಣೂ ಇರಲಿಲ್ಲ.

ಹತ್ತುವಾಗ ಒಬ್ಬಳೇ.
ಇಳಿಯುವಾಗ ಎಲ್ಲರೂ ಜೊತೆಗೆ ಬರುತ್ತಾರೆ:
ಆಯ್ಕೆಯ ದಿನ ನಾನು ಕಂಬ ಹತ್ತುವಾಗ
ಕೆಳಗೆ ನಿಂತು ಮೊಬೈಲು ಎತ್ತಿದವರು,
ಸಂಘಕ್ಕೆ ಕಟ್ಟದ ಎರಡು ಕಂತು,
ಮಗಳ ಹಲ್ಲಿನ ಕ್ಲಿಪ್ಪಿಗೆ ಡಾಕ್ಟರು ಹೇಳಿದ ರೇಟು.
ಮೊಣಕಾಲು ಇವರೆಲ್ಲರ ಭಾರ ಹೊರುತ್ತದೆ.

ಐದನೆಯದಕ್ಕೆ ಹೊರಟಾಗ ದರಗು ಗುಡಿಸುತ್ತಿದ್ದ ಗುತ್ಯಮ್ಮ
ಜಲ್ಲೆ ಇಳಿಸಿ ಕೇಳಿದಳು:
"ಆಗ್ಲಿಂದ ನೋಡ್ತಿದೀನಿ, ಎಂತ ಮರ್ತ್ ಬಂದ್ಯೆ ಮೇಲೆ?"
ಮಾತಿಗೆ ಉಸಿರಿಲ್ಲ. ಐದು ಬೆರಳು ತೋರಿಸಿದೆ.
"ಐದ್ ರೂಪಾಯಾ? ಇರ್ಲಿ, ದುಡ್ ದುಡ್ಡೇ, ಹುಡ್ಕು."
ಮರಳಿ ಬಂದಾಗ ಅವಳೂ ಬಗ್ಗಿದ್ದಳು,
ದರಗಿನೊಳಗೆ ಕೋಲಾಡಿಸುತ್ತ,
ನನ್ನ ಕಳೆಯದ ನಾಣ್ಯಕ್ಕಾಗಿ.

ಆಮೇಲಿನದು ಸರಿಯಾಗಿ ನೆನಪಿಲ್ಲ.
ಒಂದು ಸಲ ಕೈಯೂರಿ ಹತ್ತಿದೆ,
ಒಂದು ಸಲ ಕಂಬಕ್ಕೆ ಹಣೆ ಕೊಟ್ಟು ನಿಂತೆ,
ಸಿಮೆಂಟು ಸುಟ್ಟಿತು.
ಬೀಜ ಹಾಕಲು ಕೈ ಹಾಕಿದರೆ ಜೇಬಿಗೆ ತಳವಿಲ್ಲ.
ಬುಡದಲ್ಲಿ ಎಣಿಸಿದೆ: ಆರು.
ಒಂದು ಉರುಳಿತೋ, ಇನ್ನೊಂದು ಸೋರಿತೋ,
ಇದು ಏಳೋ ಎಂಟೋ.

ಲೂಯಿಸಣ್ಣನ ಕೈಯಲ್ಲಿ ವಾಚಿದೆ,
ಮುಖದ ಮೇಲೆ ಟೋಪಿ, ಎದೆಯ ಮೇಲೆ ನನ್ನ ಮಜ್ಜಿಗೆ ಬಾಟಲಿ.
ಕೇಳಿದರೆ ಎಂಟು ಅನ್ನುತ್ತಾನೆ, ಕಣ್ಣು ಬಿಡದೆ.
ಒಳ್ಳೆಯ ಮನುಷ್ಯ.
ಟೀಚರೂ ನಂಬುತ್ತಾರೆ.

ಅರ್ಧ ದಾರಿಯಲ್ಲಿ ಗುತ್ಯಮ್ಮ ಅಂಗೈ ಚಾಚಿದಳು:
"ರೂಪಾಯ್ ಸಿಗ್ಲಿಲ್ಲ ಕಣೆ. ಇದ್ ಸಿಕ್ತು."
ಕಪ್ಪಗೆ, ದುಂಡಗೆ, ಬಿಸಿಯಾಗಿ, ಒಂದು ಅಂಟುವಾಳದ ಬೀಜ.
ಮೇಲಿಂದ ಉರುಳಿದ್ದೋ, ಜೇಬಿಂದ ಬಿದ್ದದ್ದೋ,
ಅದರ ಮೈಮೇಲೆ ಬರೆದಿರಲಿಲ್ಲ.

ನಲವತ್ತೊಂದನ್ನು ಮುಟ್ಟಿ ತಿರುಗಿದೆ, ಬೀಜ ಮುಷ್ಟಿಯಲ್ಲಿ.
ಲೂಯಿಸಣ್ಣ ಗೊರಕೆಯಲ್ಲೇ ಏನೋ ಎಣಿಸಿದ.
ತಲೆಯ ಮೇಲೆ ಕರೆಂಟು ಹೋಗುತ್ತಲೇ ಇತ್ತು,
ಗುಡ್ಡದಾಚೆ ಯಾರೋ ಉಂಡು ಮಲಗಿದವರ ಫ್ಯಾನಿಗೆ,
ನೆಟ್ಟಗೆ,
ಒಂದು ಹನಿ ಬೆವರದೆ.