ಏಳನೇ ನಂಬರಿಲ್ಲ

ನಮ್ಮ ಆಫೀಸಿನ ನೆಲ ಇಳಿಜಾರು.
ಪೆನ್ನು ಬಿದ್ದರೆ ನಡುವಿನ ಕಾಲುವೆಗೆ ಉರುಳುತ್ತದೆ,
ಕುದುರೆಯ ಉಚ್ಚೆ ಹರಿಯಲೆಂದು ಕಟ್ಟಿದ ಕಾಲುವೆ.
ಈಗ ಅದರ ಮೇಲೆ ಕಡಪ ಕಲ್ಲು, ಕಲ್ಲಿನ ಮೇಲೆ ನಮ್ಮ ಮೇಡಂ.
ಮೇಜಿನ ಎರಡು ಕಾಲಿಗೆ ಹಳೇ ಗೆಜೆಟ್ಟು ಮಡಿಸಿಟ್ಟು
ಸರ್ಕಾರವನ್ನು ಸಮ ಮಾಡಿಕೊಂಡಿದ್ದೇವೆ.

ಹದಿನಾಲ್ಕು ಲಾಯ, ಹದಿಮೂರು ಕೌಂಟರು.
ಪಿಂಗಾಣಿ ಬಿಲ್ಲೆಯ ನಂಬರು ಅವೇ, ಯಾರೂ ಕಿತ್ತಿಲ್ಲ.
ಖಾತೆ ಬದಲಾವಣೆ ಮೂರು, ನಕಲು ಒಂಬತ್ತು.
ಏಳು ಮಾತ್ರ ಇಲ್ಲ.
ಆರು ಮುಗಿದಲ್ಲಿ ಗೋಡೆ, ಗೋಡೆ ಮುಗಿದಲ್ಲಿ ಎಂಟು.
ಆದರೂ ಅರ್ಜಿ ನಮೂನೆಯಲ್ಲಿ ಇವತ್ತಿಗೂ ಅಚ್ಚಾಗುತ್ತದೆ:
‘ಏಳರಲ್ಲಿ ಸಹಿ ಪಡೆಯತಕ್ಕದ್ದು.’
ಏಳರದ್ದನ್ನೂ ಆರು ನೋಡಿಕೊಳ್ಳತಕ್ಕದ್ದೆಂದು
ಒಂದು ಸುತ್ತೋಲೆಯಂತೆ, ಯಾವ ಕಾಲದ್ದೋ;
ಆರರಲ್ಲಿ ಕೂತವನಿಗೆ ಅದಕ್ಕೇ ಇಪ್ಪತ್ತು ರೂಪಾಯಿ ಭತ್ಯೆ,
ಎರಡು ಕುದುರೆ ತಿಕ್ಕಿದ ಚಾಕರನ ಬಾಬತ್ತು.

ನಾನು ಸೇರಿದ ವರ್ಷ ಕೇಳಿದ್ದೆ. ಶಿರಸ್ತೇದಾರ್ ಹೊಂಬಾಳಯ್ಯ
ತಲೆಯೆತ್ತದೆ ಹೇಳಿದರು: ‘ಮೊದಲಿಂದ ಹಂಗೇಯ, ತಾಯಿ.’
ಮೊದಲು ಅಂದರೆ?
‘ಮೊದಲು ಅಂದ್ರೆ ಮೊದಲು.’

ಹೋದ ಬುಧವಾರ ಮಂಡಿ ಮೊಹಲ್ಲಾದಿಂದ ಒಬ್ಬರು ಬಂದರು,
ಖಾಸಿಂ ಪೀರ್, ಮನೆತನದ ಹೆಸರು ನಾಲಬಂದ್.
ಮುತ್ತಾತನಿಗೆ ಹುಜೂರಿನಿಂದ ಸಿಕ್ಕ ಮನೆಯ ಜಾಗ
ಇನ್ನೂ ಖಾತೆಗೆ ಏರಿಲ್ಲ; ಮೂರು ತಲೆಮಾರು ಅಲೆದಿದೆ.
ನಮೂನೆ ಓದಿ, ನೇರ ಆ ಗೋಡೆಯ ಹತ್ತಿರ ಹೋಗಿ
ಅಂಗೈ ಇಟ್ಟರು, ಕುದುರೆಯ ಕತ್ತಿನ ಮೇಲೆ ಇಡುವ ಹಾಗೆ.
‘ಇಲ್ಲೇ. ಮೈಯೆಲ್ಲ ಗಂಟೆದ್ದು ಸತ್ತಿತಂತೆ ಒಂದು ಹೆಣ್ಣುಕುದುರೆ.
ಬೇರೆಯವಕ್ಕೆ ಹತ್ತದಿರಲಿ ಅಂತ ಆ ರಾತ್ರಿಯೇ
ಸುಣ್ಣ ಸುರಿದು ಕಟ್ಟಿಬಿಟ್ಟರು.
ಆಮೇಲೆ ತೆಗೀರಿ ಅಂತ ಯಾರೂ ಹುಕುಂ ಕೊಡಲಿಲ್ಲ.’

ಅಷ್ಟೆ.
ದೊರೆ ಹೋದರು, ಬಾವುಟ ಬದಲಾಯಿತು, ರಾಜ್ಯದ ಹೆಸರೂ ಬದಲಾಯಿತು,
ಹುಜೂರು ಹೋಗಿ ಮಾನ್ಯರೇ ಎಂದಾಯಿತು,
ಕಂಪ್ಯೂಟರು ಬಂದು, ಅದರ ಪರದೆಯಲ್ಲೂ
ಆರಾದ ಮೇಲೆ ಎಂಟು.

ಕಾಯುವ ಜನ ಈಗಲೂ ನಿಲ್ಲುವುದು ಬಳೆಗಳ ಕೆಳಗೆ,
ಲಗಾಮು ಕಟ್ಟುತ್ತಿದ್ದ ಕಬ್ಬಿಣದ ಬಳೆ.
ಒಬ್ಬಳು ಚೀಲ ನೇತುಹಾಕಿದ್ದಾಳೆ, ಒಬ್ಬ ಛತ್ರಿ.
ಯಾರೂ ಹೇಳದಿದ್ದರೂ, ಒಂದು ಬಳೆಗೆ ಒಬ್ಬರು.

ಅವರ ಕಾಗದ ಹಿಡಿದು ನಾನೇ ಆರಕ್ಕೆ ಹೋದೆ.
ಆರರವನು ಊಟಕ್ಕೆ ಹೋಗಿದ್ದ.
ದಸರೆ ಹತ್ತಿರ, ಬಣ್ಣದವರು ಒಳಗೂ ಬಂದಿದ್ದರು,
ಆ ಗೋಡೆಗೂ ಒಂದು ಕೋಟು ಎಳೆದರು.
ಒದ್ದೆ ಇರುವಷ್ಟು ಹೊತ್ತು ಕಾಣುತ್ತದೆ
ಮುಚ್ಚಿದ ಬಾಗಿಲಿನ ಕಮಾನು,
ಒಣಗಿದರೆ ಇಲ್ಲ.
ಖಾಸಿಂ ಪೀರ್ ಅಲ್ಲೇ ನಿಂತಿದ್ದರು.